ವಕಾಂಡದ ರಾಜ 26 ವರ್ಷ ಬಾಗಿಲಲ್ಲೇ ನಿಂತಿದ್ದು ಯಾಕೆ?

'ಬ್ಲಾಕ್ ಪ್ಯಾಂಥರ್' ಅಂದರೆ ಮಾರ್ವೆಲ್ ಕಾಮಿಕ್ಸ್‌ನ ಕಪ್ಪು ಸೂಪರ್‌ಹೀರೋ, ವಕಾಂಡ ಎಂಬ ಕಾಲ್ಪನಿಕ ಆಫ್ರಿಕನ್ ದೇಶದ ರಾಜ. ಹಾಲಿವುಡ್‌ನ ಕಪ್ಪು ನಟ ವೆಸ್ಲಿ ಸ್ನೈಪ್ಸ್ ಅವನ ಸಿನಿಮಾ ಮಾಡಬೇಕು ಅಂತ ಓಡಾಡಲು ಶುರು ಮಾಡಿದ್ದು 1992ರಲ್ಲಿ. ಸಿನಿಮಾ ಬಂದಿದ್ದು 2018ರಲ್ಲಿ. ಅಷ್ಟರಲ್ಲಿ ಸ್ನೈಪ್ಸ್‌ಗೆ 55 ಆಗಿತ್ತು, ಪಾತ್ರ ಚಾಡ್ವಿಕ್ ಬೋಸ್‌ಮನ್ ಪಾಲಾಗಿತ್ತು.

ಮೊದಲ ತೊಡಕು ಹೆಸರಿನದೇ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಈ ರಾಜನನ್ನು ಕಾಮಿಕ್ಸ್‌ಗೆ ತಂದಿದ್ದು 1966ರ ಜುಲೈ ಸಂಚಿಕೆಯಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಮೆರಿಕದ ಓಕ್ಲೆಂಡ್‌ನಲ್ಲಿ ಕಪ್ಪು ಜನರ ಹೋರಾಟದ ರಾಜಕೀಯ ಸಂಘಟನೆ ಬ್ಲಾಕ್ ಪ್ಯಾಂಥರ್ ಪಾರ್ಟಿ ಹುಟ್ಟಿತು. ಹೆಸರು ಒಂದೇ, ನಂಟು ಏನೂ ಇಲ್ಲ. ಆದರೂ 1972ರಲ್ಲಿ ಮಾರ್ವೆಲ್‌ನವರು ಸ್ವಲ್ಪ ಕಾಲ ಅವನನ್ನು 'ಬ್ಲಾಕ್ ಲೆಪರ್ಡ್' ಅಂತ ಕರೆದು ನೋಡಿದರು. ಚಿರತೆಗೆ ಇನ್ನೊಂದು ಹೆಸರು ಇಟ್ಟರೆ ಗಲಾಟೆ ತಪ್ಪುತ್ತಾ? ಆಮೇಲೆ ಹಳೇ ಹೆಸರೇ ವಾಪಸ್. ಇಪ್ಪತ್ತು ವರ್ಷ ಕಳೆದು ಸ್ನೈಪ್ಸ್ ಕತೆ ಹೇಳಲು ಹೋದಾಗಲೂ, ಇದು ಪಾರ್ಟಿಯ ಕತೆ ಅಂತಲೇ ಜನ ತಿಳಿದರಂತೆ. ನಿರ್ದೇಶಕ ಜಾನ್ ಸಿಂಗಲ್ಟನ್‌ಗಂತೂ ಇದನ್ನು ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಕಾಲಕ್ಕೇ ಒಯ್ಯುವ ಆಸೆ. ಸ್ನೈಪ್ಸ್‌ಗೆ ಬೇಕಿದ್ದದ್ದು ವಕಾಂಡ: ಯಾರ ಕೈಗೂ ಸಿಗದ, ಯಾರೂ ಲೂಟಿ ಮಾಡದ ಒಂದು ಆಫ್ರಿಕನ್ ದೇಶ. ಅದನ್ನು ತೆರೆ ಮೇಲೆ ಕಟ್ಟುವ ಗ್ರಾಫಿಕ್ಸ್ ಆಗ ಇರಲಿಲ್ಲ, ದುಡ್ಡು ಹಾಕುವವರೂ ಇರಲಿಲ್ಲ.

ದುಡ್ಡಿನ ಲೆಕ್ಕವೇ ನಿಜವಾದ ತಮಾಷೆ. 1997ರಲ್ಲಿ ಕಪ್ಪು ಬ್ಯಾಸ್ಕೆಟ್‌ಬಾಲ್ ಆಟಗಾರ ಶಕೀಲ್ ಓನೀಲ್ ಲೋಹದ ಕವಚ ತೊಟ್ಟು 'ಸ್ಟೀಲ್' ಎಂಬ ಸೂಪರ್‌ಹೀರೋ ಚಿತ್ರ ಮಾಡಿದರು. ಸುಮಾರು 1.6 ಕೋಟಿ ಡಾಲರ್ ಸುರಿದ ಆ ಚಿತ್ರಕ್ಕೆ 20 ಲಕ್ಷ ಕೂಡ ವಾಪಸ್ ಬರಲಿಲ್ಲ. ಮರುವರ್ಷವೇ ಸ್ನೈಪ್ಸ್ ಮಾರ್ವೆಲ್‌ನ ಪಿಶಾಚಿ ಬೇಟೆಗಾರ 'ಬ್ಲೇಡ್' ಆಗಿ ಬಂದರು. 4.5 ಕೋಟಿ ಖರ್ಚು, 13 ಕೋಟಿಗೂ ಜಾಸ್ತಿ ಗಳಿಕೆ. 1996ರಲ್ಲಿ ದಿವಾಳಿ ಅರ್ಜಿ ಹಾಕಿದ್ದ ಮಾರ್ವೆಲ್‌ನ ಪಾತ್ರಗಳೂ ಥಿಯೇಟರಿನಲ್ಲಿ ಓಡುತ್ತವೆ ಅಂತ ತೋರಿಸಿದ್ದೇ ಆ ಚಿತ್ರ. ಎಕ್ಸ್‌ಮೆನ್, ಸ್ಪೈಡರ್‌ಮ್ಯಾನ್ ಎಲ್ಲಾ ಆಮೇಲೆ ಬಂದವರು. ಆದರೆ ಸ್ಟುಡಿಯೋದವರು ಸೋತ ಚಿತ್ರದ ಸಾಲವನ್ನು ನಾಯಕನ ಮೈಬಣ್ಣದ ಖಾತೆಗೆ ಬರೆದರು, ಗೆದ್ದ ಚಿತ್ರದ ಲಾಭವನ್ನು ರಕ್ತ ಹೀರುವ ಪಿಶಾಚಿಗಳ ಖಾತೆಗೆ. 2008ರಲ್ಲಿ ವಿಲ್ ಸ್ಮಿತ್ ಸೂಪರ್‌ಹೀರೋ ಆದ 'ಹ್ಯಾನ್‌ಕಾಕ್' 60 ಕೋಟಿ ಡಾಲರ್ ದಾಟಿದಾಗ, ಅದು ವಿಲ್ ಸ್ಮಿತ್ ಅಲ್ವಾ, ಅವರದ್ದು ಬೇರೆ ಬಿಡಿ ಅಂದರು.

2005ರಲ್ಲೇ ಮಾರ್ವೆಲ್ ಮಾಡಬೇಕೆಂದಿದ್ದ ಸಿನಿಮಾಗಳ ಪಟ್ಟಿಯಲ್ಲಿ ಬ್ಲಾಕ್ ಪ್ಯಾಂಥರ್ ಹೆಸರಿತ್ತು. ಸುಮ್ನೆ ಪಟ್ಟಿಯಲ್ಲಿತ್ತು, ಅಷ್ಟೇ. ಮಾರ್ವೆಲ್ ಅನ್ನು ಕೊಂಡುಕೊಂಡ ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿರುವಂತೆ, ಕೊನೆಗೆ ಅವರೇ ಮಾರ್ವೆಲ್‌ನ ಮುಖ್ಯಸ್ಥ ಐಕ್ ಪರ್ಲ್‌ಮಟರ್‌ಗೆ ಫೋನ್ ಮಾಡಿ, ಅಡ್ಡಗಾಲು ಹಾಕುವುದನ್ನು ನಿಲ್ಲಿಸಿ ಅಂತ ನಿಮ್ಮವರಿಗೆ ಹೇಳಿ ಅನ್ನಬೇಕಾಯಿತು. 2014ರ ಅಕ್ಟೋಬರ್‌ನಲ್ಲಿ ಬೋಸ್‌ಮನ್ ಹೆಸರು ಘೋಷಣೆಯಾಯಿತು.

ರಾಜ ಮೊದಲು ಕಾಣಿಸಿಕೊಂಡದ್ದು 2016ರ ಕ್ಯಾಪ್ಟನ್ ಅಮೆರಿಕ ಚಿತ್ರದಲ್ಲಿ. ತಂದೆಯ ಪಾತ್ರಕ್ಕೆ ಬಂದ ದಕ್ಷಿಣ ಆಫ್ರಿಕದ ಹಿರಿಯ ನಟ ಜಾನ್ ಕಾನಿ, ಅಪ್ಪ ಮಗ ಮಾತಾಡುವಾಗ ಇಂಗ್ಲಿಷ್ ಯಾಕೆ ಅಂತ ಕೇಳಿ, ತಮ್ಮ ಖೋಸಾ ಭಾಷೆಯಲ್ಲೇ ಮಾತು ಶುರು ಮಾಡಿದರು. ಬೋಸ್‌ಮನ್ ಸಾಲುಗಳನ್ನು ಕಲಿತು ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ವಕಾಂಡಕ್ಕೆ ಭಾಷೆ ಸಿಕ್ಕಿದ್ದು ಹೀಗೆ.

2018ರ ಚಿತ್ರ ಮಾಡಿದ ರಯಾನ್ ಕೂಗ್ಲರ್ ಓಕ್ಲೆಂಡ್‌ನವರೇ. ಹೆಸರಿನ ಗೊಂದಲಕ್ಕೆ ಅರ್ಧ ಶತಮಾನ ಹೆದರಿದ ಸ್ಟುಡಿಯೋದವರ ಚಿತ್ರದಲ್ಲಿ ಅವರು ವಕಾಂಡದ ಪೀಠಿಕೆ ಮುಗಿದ ಕೂಡಲೇ ನೇರವಾಗಿ ಆ ಊರಿಗೇ ಕರೆದೊಯ್ಯುತ್ತಾರೆ: ಹಾಲಿನ ಕ್ರೇಟನ್ನೇ ಬುಟ್ಟಿ ಮಾಡಿಕೊಂಡು ಹುಡುಗರು ಬ್ಯಾಸ್ಕೆಟ್‌ಬಾಲ್ ಆಡುತ್ತಿರುತ್ತಾರೆ, ತೆರೆ ಮೇಲೆ ಇಸವಿ ಬರುತ್ತದೆ, 1992. ಸುಮಾರು 20 ಕೋಟಿ ಡಾಲರ್ ಖರ್ಚಿಗೆ 130 ಕೋಟಿಗೂ ಮೀರಿ ಬಂತು. ಮೂರು ಆಸ್ಕರ್ ಕೂಡ ಬಂದವು.

ಹೆಸರಿಗೆ ಹೆದರುವುದರಲ್ಲಿ ನಾವೇನೂ ಕಮ್ಮಿ ಇಲ್ಲ. ಚಿತ್ರದಲ್ಲಿ ಬೆಟ್ಟದ ಬುಡಕಟ್ಟಿನವರು ಹನುಮಂತನ ಭಕ್ತರು. ಅವರ ನಾಯಕ ಎಂಬಾಕು ಹನುಮನಿಗೆ ಜಯವಾಗಲಿ ಅಂತಾನೆ. ಇಲ್ಲಿನ ಸೆನ್ಸಾರ್ ಮಂಡಳಿ ಆ ಹೆಸರನ್ನು ಮ್ಯೂಟ್ ಮಾಡಿಸಿತು. ಅಂಜನಾದ್ರಿಯ ಊರಿನವರು ಥಿಯೇಟರಿನಲ್ಲಿ ನೋಡಿದಾಗ ಎಂಬಾಕುವಿನ ತುಟಿ ಅಲ್ಲಾಡಿತು, ಹೆಸರು ಮಾತ್ರ ಕೇಳಿಸಲಿಲ್ಲ.