ಸೋಲು ಅಪರಾಧವಾದಾಗ: ರಾಜಕೀಯ ಎದುರಾಳಿಗಳ ಆರೋಪ ಪ್ರತ್ಯಾರೋಪಗಳ ಹಿನ್ನೆಲೆ

ಕ್ರಿ.ಪೂ. 92ರಲ್ಲಿ ರೋಮಿನ ನ್ಯಾಯಾಲಯವೊಂದು ಪುಬ್ಲಿಯಸ್ ರುಟಿಲಿಯಸ್ ರೂಫಸ್ ಎಂಬ ಹಿರಿಯ ರಾಜಕಾರಣಿಯನ್ನು ಸುಲಿಗೆಯ ಅಪರಾಧಿಯೆಂದು ತೀರ್ಮಾನಿಸಿತು. ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಷ್ಯಾ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದಾಗ ಆತ ಜನರಿಂದ ಹಣ ಕಿತ್ತಿದ್ದನೆಂಬುದು ಆರೋಪ. ವಾಸ್ತವದಲ್ಲಿ ಆತ ಮಾಡಿದ್ದು ಇದಕ್ಕೆ ತದ್ವಿರುದ್ಧವಾದುದು. ಅಲ್ಲಿನ ತೆರಿಗೆ ಗುತ್ತಿಗೆದಾರರ ಸುಲಿಗೆಗೆ ಕಡಿವಾಣ ಹಾಕಿದ್ದವರಲ್ಲಿ ಆತನೂ ಒಬ್ಬ. ಆದರೆ ತೀರ್ಪು ಕೊಡಲು ಕುಳಿತವರು ಆ ಗುತ್ತಿಗೆದಾರರ ವರ್ಗಕ್ಕೇ ಸೇರಿದವರಾಗಿದ್ದರು. ರುಟಿಲಿಯಸ್ ದೇಶಭ್ರಷ್ಟನಾಗಿ ನೆಲೆಸಲು ಹೋದದ್ದು ತಾನು ದೋಚಿದನೆನ್ನಲಾದ ಪ್ರಾಂತ್ಯಕ್ಕೇ, ಮತ್ತು ಅಲ್ಲಿನ ಜನ ಆತನನ್ನು ಗೌರವದಿಂದ ಬರಮಾಡಿಕೊಂಡರು.

ಒಬ್ಬ ನಿರಪರಾಧಿಗಾದ ಅನ್ಯಾಯದಷ್ಟಕ್ಕೇ ಈ ಪ್ರಕರಣದ ಹಾನಿ ನಿಲ್ಲುವುದಿಲ್ಲ. ಇಂಥ ತೀರ್ಪು ಕೊಟ್ಟ ಪೀಠವೇ ನಾಳೆ ನಿಜವಾದ ಸುಲಿಗೆಕೋರನನ್ನು ದಂಡಿಸಿದರೂ ಅದನ್ನು ನ್ಯಾಯವೆಂದು ಒಪ್ಪಬೇಕೋ, ಸೇಡೆಂದು ತಿಳಿಯಬೇಕೋ ಎಂಬುದು ನೋಡುವವರಿಗೆ ಗೊತ್ತಾಗದೆ ಹೋಗುತ್ತದೆ. ರೋಮಿನಲ್ಲಿ ಸರ್ಕಾರಿ ಅಭಿಯೋಜಕರೆಂಬ ಹುದ್ದೆಯೇ ಇರಲಿಲ್ಲ. ಹೆಸರು ಮಾಡಬೇಕೆಂಬ ತರುಣರು ದೊಡ್ಡವರ ಮೇಲೆ ಮೊಕದ್ದಮೆ ಹೂಡಿಯೇ ರಾಜಕೀಯಕ್ಕೆ ಕಾಲಿಡುತ್ತಿದ್ದರು. ರೋಮಿನ ಹೆಸರಾಂತ ರಾಜಕಾರಣಿ ಹಿರಿಯ ಕೇಟೋ 44 ಬಾರಿ ಆರೋಪ ಎದುರಿಸಿ ಪ್ರತಿಬಾರಿಯೂ ಖುಲಾಸೆಯಾದನೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅಧಿಕಾರದಲ್ಲಿರುವವರೆಗೆ ಮೊಕದ್ದಮೆಯಿಂದ ರಕ್ಷಣೆಯಿದ್ದುದರಿಂದ ಅಧಿಕಾರ ಬಿಡುವುದೇ ಅಪಾಯವಾಯಿತು. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ಸೈನ್ಯದೊಡನೆ ಇಟಲಿಯ ಗಡಿಯಾಗಿದ್ದ ರೂಬಿಕಾನ್ ನದಿ ದಾಟಿ ಅಂತರ್ಯುದ್ಧಕ್ಕಿಳಿದದ್ದಕ್ಕೆ ಚರಿತ್ರಕಾರ ಸ್ಯುಟೋನಿಯಸ್ ದಾಖಲಿಸುವ ಕಾರಣಗಳಲ್ಲಿ, ಖಾಸಗಿ ವ್ಯಕ್ತಿಯಾಗಿ ಮರಳಿದರೆ ಎದುರಾಳಿಗಳು ನ್ಯಾಯಾಲಯಕ್ಕೆಳೆಯುತ್ತಾರೆಂಬ ಭಯವೂ ಒಂದು. ಇದೇ ಮುಖ್ಯ ಕಾರಣವಾಗಿತ್ತೇ ಎಂಬ ಬಗ್ಗೆ ಇಂದಿನ ಇತಿಹಾಸಕಾರರಲ್ಲಿ ಒಮ್ಮತವಿಲ್ಲದಿದ್ದರೂ, ಸೋತರೆ ಶಿಕ್ಷೆ ಎಂದಾದಾಗ ಯಾರೂ ಸೋಲಲು ಒಪ್ಪುವುದಿಲ್ಲ ಎಂಬ ತರ್ಕ ಆ ಕಾಲದವರಿಗೇ ಹೊಳೆದಿತ್ತು.

ಅಥೆನ್ಸಿನವರು ಅದಕ್ಕೂ ಮೊದಲೇ ಬೇರೊಂದು ದಾರಿ ಹುಡುಕಿದ್ದರು. ಮಡಕೆಯ ಚೂರುಗಳ ಮೇಲೆ ಹೆಸರು ಗೀಚಿ ಮತ ಹಾಕಿ, ಒಬ್ಬ ನಾಯಕನನ್ನು 10 ವರ್ಷ ಊರಿನಿಂದ ಹೊರಗಿಡುವ ಪದ್ಧತಿಯದು. ಅಲ್ಲಿ ಯಾವ ಅಪರಾಧವನ್ನೂ ಹೊರಿಸಬೇಕಿರಲಿಲ್ಲ; ಹೊರಹೋದವನ ಆಸ್ತಿಗೂ ಪೌರತ್ವಕ್ಕೂ ಧಕ್ಕೆಯಿರಲಿಲ್ಲ. ಸೋಲಿಸಲು ಕಳಂಕ ಹಚ್ಚಬೇಕಿಲ್ಲ ಎಂಬ ಈ ಆಲೋಚನೆ, ಈಗ ಕ್ರೂರವೆನಿಸಿದರೂ, ತನ್ನ ಕಾಲಕ್ಕೆ ಸಾಕಷ್ಟು ನಾಗರಿಕವಾದುದಾಗಿತ್ತು. ತಂತ್ರಗಾರಿಕೆ ಮಾತ್ರ ಅಲ್ಲೂ ತಪ್ಪಲಿಲ್ಲ: ಆಕ್ರೊಪೊಲಿಸ್ ಬಳಿಯ ಬಾವಿಯೊಂದರಲ್ಲಿ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲಿಸನ ಹೆಸರು ಬರೆದ ಸುಮಾರು 190 ಚೂರುಗಳು ಸಿಕ್ಕಿವೆ, ಅವೆಲ್ಲವೂ ಹದಿನಾಲ್ಕು ಜನರಷ್ಟೇ ಬರೆದಂತಿವೆ. ಹಂಚುವುದಕ್ಕೆಂದು ಮೊದಲೇ ಬರೆದಿಟ್ಟುಕೊಂಡ ಚೂರುಗಳಿರಬೇಕು.

ಸೋಲನ್ನು ಅಪರಾಧದಿಂದ ಬೇರ್ಪಡಿಸುವ ಕೆಲಸ ಆಧುನಿಕ ಕಾಲದಲ್ಲಿ ನಿಧಾನವಾಗಿ, ಬಹುಮಟ್ಟಿಗೆ ಆಕಸ್ಮಿಕವಾಗಿ ನಡೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ರಾಜನ ಮಂತ್ರಿಯನ್ನು ಕೆಳಗಿಳಿಸಲು ಸಂಸತ್ತಿಗಿದ್ದ ಮುಖ್ಯ ಆಯುಧ ಮಹಾಭಿಯೋಗವಾಗಿತ್ತು, ಅಂದರೆ ನೀತಿಯ ಬಗೆಗಿನ ಭಿನ್ನಾಭಿಪ್ರಾಯವನ್ನು ದ್ರೋಹದ ಭಾಷೆಯಲ್ಲೇ ಹೇಳಬೇಕಿತ್ತು. 1641ರಲ್ಲಿ ರಾಜನ ಆಪ್ತ ಮಂತ್ರಿ ಸ್ಟ್ರಾಫರ್ಡ್‌ನ ಮೇಲಿನ ಆರೋಪ ವಿಚಾರಣೆಯಲ್ಲಿ ನಿಲ್ಲುವುದಿಲ್ಲವೆಂದು ಕಂಡಾಗ, ಸಂಸತ್ತು ಆತನನ್ನು ಅಪರಾಧಿಯೆಂದು ಘೋಷಿಸುವ ಮಸೂದೆಯನ್ನೇ ಅಂಗೀಕರಿಸಿ ತಲೆ ಕಡಿಸಿತು. ಅಂಥ ಮಸೂದೆಗಳನ್ನು 1787ರ ಅಮೆರಿಕದ ಸಂವಿಧಾನ ಸ್ಪಷ್ಟವಾಗಿ ನಿಷೇಧಿಸಿದ್ದರ ಹಿಂದೆ ಇಂತಹ ನೆನಪುಗಳಿದ್ದವು.

ಈ ಸೇಡಿನ ಸರಣಿ ಹೇಗೆ ಸುತ್ತುತ್ತಿತ್ತೆಂಬುದಕ್ಕೆ, ಮುಂದೆ ಬ್ರಿಟನ್ನಿನ ಮೊದಲ ಪ್ರಧಾನಿಯೆನಿಸಿಕೊಂಡ ವಿಗ್ ಪಕ್ಷದ ರಾಬರ್ಟ್ ವಾಲ್‌ಪೋಲ್‌ನ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1712ರಲ್ಲಿ ಟೋರಿ ಪಕ್ಷದ ಬಹುಮತವು ಸೇನೆಯ ಮೇವಿನ ಗುತ್ತಿಗೆಯಲ್ಲಿ ಲಂಚ ಪಡೆದನೆಂದು ಆತನನ್ನು ಸದನದಿಂದ ಉಚ್ಚಾಟಿಸಿ ಲಂಡನ್ ಟವರ್ ಕೋಟೆಯ ಸೆರೆಗೆ ತಳ್ಳಿತು. ಮೂರು ವರ್ಷಗಳಲ್ಲಿ ರಾಣಿ ಆನ್ ತೀರಿಕೊಂಡು ಹೊಸ ರಾಜ ಬಂದು ವಿಗ್ ಪಕ್ಷ ಮೇಲೆ ಬಂತು. ಹಿಂದಿನ ಟೋರಿ ನಾಯಕರ ಕೃತ್ಯಗಳನ್ನು ಶೋಧಿಸುವ ರಹಸ್ಯ ಸಮಿತಿಗೆ ಅದೇ ವಾಲ್‌ಪೋಲ್ ಅಧ್ಯಕ್ಷನಾದ. ಆ ನಾಯಕರಲ್ಲಿ ಬೋಲಿಂಗ್‌ಬ್ರೋಕ್ ಫ್ರಾನ್ಸಿಗೆ ಓಡಿಹೋದ, ಆಕ್ಸ್‌ಫರ್ಡ್ ಎಂಬ ಪದವಿಯ ಕುಲೀನ ಎರಡು ವರ್ಷ ಸೆರೆಯಲ್ಲಿದ್ದು 1717ರಲ್ಲಿ ಖುಲಾಸೆಯಾದ. 1742ರಲ್ಲಿ ವಾಲ್‌ಪೋಲ್ ಅಧಿಕಾರ ಕಳೆದುಕೊಂಡಾಗ ಆತನ ಮೇಲೂ ರಹಸ್ಯ ಸಮಿತಿಯೊಂದು ಕುಳಿತಿತು, ಆದರೆ ಅದರಿಂದ ಶಿಕ್ಷೆಯೇನೂ ಆಗಲಿಲ್ಲ. ಕ್ರಮೇಣ, ಸದನದ ಬೆಂಬಲ ಕಳೆದುಕೊಂಡ ಮಂತ್ರಿ ರಾಜೀನಾಮೆ ಕೊಟ್ಟು ಮನೆಗೆ ಹೋದರೆ ಸಾಕು, ಆತನನ್ನು ಅಪರಾಧಿಯೆಂದು ಸಾಧಿಸಬೇಕಿಲ್ಲ ಎಂಬ ರೂಢಿ ಬೆಳೆಯಿತು. ಬ್ರಿಟನ್ನಿನ ಕೊನೆಯ ಮಹಾಭಿಯೋಗ ನಡೆದದ್ದು 1806ರಲ್ಲಿ. ಅವಿಶ್ವಾಸ ನಿರ್ಣಯವೆಂಬ ಒಣ ಹೆಸರಿನ ವಿಧಾನ ಎಷ್ಟು ತಲೆಗಳನ್ನು ಉಳಿಸಿತೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ.

ಹಾಗೆಂದು ಅಧಿಕಾರಸ್ಥರು ನಿಜಕ್ಕೂ ಅಪರಾಧವೆಸಗಿದಾಗ ರಾಜೀನಾಮೆಯಷ್ಟೇ ಸಾಲದು. ಆಗ ತನಿಖೆ ಮಾಡಬೇಕಾದವರು ಯಾರು? ವಾಟರ್‌ಗೇಟ್ ಹಗರಣದ ತನಿಖೆ ತನ್ನತ್ತ ತಿರುಗಿದಾಗ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1973ರ ಅಕ್ಟೋಬರ್‌ನಲ್ಲಿ ವಿಶೇಷ ಅಭಿಯೋಜಕ ಆರ್ಚಿಬಾಲ್ಡ್ ಕಾಕ್ಸ್‌ರನ್ನು ವಜಾ ಮಾಡಿಸಿದರು. ಅದರಿಂದ ಪಾಠ ಕಲಿತ ಸಂಸತ್ತು 1978ರಲ್ಲಿ, ನ್ಯಾಯಾಧೀಶರ ಪೀಠವೇ ನೇಮಿಸುವ ಸ್ವತಂತ್ರ ಅಭಿಯೋಜಕರ ವ್ಯವಸ್ಥೆಯನ್ನು ಕಾಯ್ದೆಯಾಗಿಸಿತು. ಮುಂದೆ ರಿಪಬ್ಲಿಕನ್ ಅಧ್ಯಕ್ಷ ರೇಗನ್ ಆಡಳಿತ ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿದ ಇರಾನ್-ಕಾಂಟ್ರಾ ಹಗರಣದ ತನಿಖೆ ನಡೆಸಿದ ಲಾರೆನ್ಸ್ ವಾಲ್ಶ್ ವಿರುದ್ಧ ರಿಪಬ್ಲಿಕನ್ನರು ಸಿಟ್ಟಾದರು. ಭೂವ್ಯವಹಾರವೊಂದರಿಂದ ಆರಂಭವಾಗಿ ಅಧ್ಯಕ್ಷ ಬಿಲ್ ಕ್ಲಿಂಟನ್‌ರ ಖಾಸಗಿ ಸಂಬಂಧದವರೆಗೆ ಬೆಳೆದ ಕೆನೆತ್ ಸ್ಟಾರ್ ತನಿಖೆಯನ್ನು ಡೆಮಾಕ್ರಟರು ಸೇಡೆಂದು ಕರೆದರು. 1999ರಲ್ಲಿ ಕಾಯ್ದೆಯ ಅವಧಿ ಮುಗಿದಾಗ ಅದನ್ನು ಮುಂದುವರಿಸಲು ಎರಡೂ ಪಕ್ಷಗಳಿಗೆ ಮನಸ್ಸಿರಲಿಲ್ಲ. ಅವರು ಒಮ್ಮತಕ್ಕೆ ಬಂದ ಅಪರೂಪದ ವಿಷಯಗಳಲ್ಲಿ ಇದೂ ಒಂದು. ಸರ್ಕಾರ ಬಹುಪಾಲು ಸರಿಯಾದುದನ್ನೇ ಮಾಡುತ್ತದೆಂದು ನಂಬುವ ಅಮೆರಿಕನ್ನರ ಪ್ರಮಾಣ 1964ರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚಿದ್ದದ್ದು ಒಂದೇ ದಶಕದಲ್ಲಿ ಅದರ ಅರ್ಧಕ್ಕಿಂತ ಕೆಳಗಿಳಿಯಿತು. ಅದರಲ್ಲಿ ವಿಯೆಟ್ನಾಂ ಯುದ್ಧದ ಪಾಲು ದೊಡ್ಡದು, ಎಲ್ಲವನ್ನೂ ಹಗರಣಗಳ ತಲೆಗೆ ಕಟ್ಟಲಾಗದು. ಆದರೆ ಆ ನಂಬಿಕೆ ಮತ್ತೆ ಹಳೆಯ ಎತ್ತರಕ್ಕೆ ಏರಲಿಲ್ಲ.

ಇತ್ತೀಚಿನ ಅತ್ಯಂತ ಜಟಿಲ ಅಧ್ಯಾಯ ಬ್ರೆಜಿಲಿನದು. ಸರ್ಕಾರಿ ಸ್ವಾಮ್ಯದ ಪೆಟ್ರೊಬ್ರಾಸ್ ತೈಲ ಕಂಪನಿಯ ಗುತ್ತಿಗೆಗಳಲ್ಲಿನ ಲಂಚದ ಬಗ್ಗೆ 2014ರಲ್ಲಿ ಆರಂಭವಾದ ತನಿಖೆ ಕಟ್ಟುಕಥೆಯಾಗಿರಲಿಲ್ಲ. ಕಂಪನಿಯೇ ತನ್ನ ಲೆಕ್ಕಪತ್ರದಲ್ಲಿ ಭ್ರಷ್ಟಾಚಾರದಿಂದಾದ 620 ಕೋಟಿ ರಿಯಲ್‌ಗಳ (ಬ್ರೆಜಿಲಿನ ನಾಣ್ಯ) ನಷ್ಟವನ್ನು ಒಪ್ಪಿಕೊಂಡಿತು. ನ್ಯಾಯಾಧೀಶ ಸೆರ್ಜಿಯೊ ಮೊರೊ 2017ರಲ್ಲಿ ಮಾಜಿ ಅಧ್ಯಕ್ಷ ಲೂಲಾ ಡ ಸಿಲ್ವಾಗೆ ಶಿಕ್ಷೆ ವಿಧಿಸಿದರು, 2018ರಲ್ಲಿ ಜನಮತ ಸಮೀಕ್ಷೆಗಳಲ್ಲಿ ಮುಂದಿದ್ದ ಲೂಲಾ ಸೆರೆಯಲ್ಲಿದ್ದು ಚುನಾವಣೆಯಿಂದ ಹೊರಗುಳಿದರು, ಮತ್ತು ಆ ಚುನಾವಣೆಯಲ್ಲಿ ಗೆದ್ದ ಜೈರ್ ಬೊಲ್ಸೊನಾರೊ ಸಂಪುಟದಲ್ಲಿ ಮೊರೊ ನ್ಯಾಯ ಸಚಿವರಾದರು. ಮೊರೊ ಅಭಿಯೋಜಕರಿಗೆ ಸಲಹೆ ಕೊಡುತ್ತಿದ್ದರೆಂದು ಸೋರಿಕೆಯಾದ ಸಂದೇಶಗಳು 2019ರಲ್ಲಿ ತೋರಿಸಿದವು. 2021ರಲ್ಲಿ ಸುಪ್ರೀಂ ಕೋರ್ಟ್ ಲೂಲಾ ವಿರುದ್ಧದ ತೀರ್ಪುಗಳನ್ನು ರದ್ದುಪಡಿಸಿ, ಮೊರೊ ಪಕ್ಷಪಾತಿಯಾಗಿದ್ದರೆಂದು ಹೇಳಿತು. 580 ದಿನ ಸೆರೆಯಲ್ಲಿದ್ದ ಲೂಲಾ 2022ರಲ್ಲಿ ಮತ್ತೆ ಅಧ್ಯಕ್ಷರಾಗಿ ಆಯ್ಕೆಯಾದರು.

2025ರ ಸೆಪ್ಟೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟ್, 2022ರ ಚುನಾವಣೆಯಲ್ಲಿ ಸೋತ ಮೇಲೂ ಅಧಿಕಾರ ಉಳಿಸಿಕೊಳ್ಳಲು ಹೂಡಿದ ದಂಗೆಯ ಸಂಚಿನ ಪ್ರಕರಣದಲ್ಲಿ ಬೊಲ್ಸೊನಾರೊಗೆ 27 ವರ್ಷ 3 ತಿಂಗಳ ಶಿಕ್ಷೆ ವಿಧಿಸಿತು. ಸಾಕ್ಷ್ಯಗಳು ಬೇರೆ, ಆರೋಪ ಬೇರೆ, ಎರಡು ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಬೊಲ್ಸೊನಾರೊ ಬೆಂಬಲಿಗರು ಬಳಸಿದ ಮಾತು, ಲೂಲಾ ಬೆಂಬಲಿಗರು ಏಳು ವರ್ಷ ಹಿಂದೆ ಬಳಸಿದ್ದ ಮಾತೇ: ಇದು ರಾಜಕೀಯ ಕಿರುಕುಳ. ಈ ನಡುವೆ ಮೊರೊ 2022ರಲ್ಲಿ ಸೆನೆಟ್‌ಗೆ ಆಯ್ಕೆಯಾದರು. ಪೆಟ್ರೊಬ್ರಾಸ್‌ನ ಹಣವನ್ನು ನಿಜಕ್ಕೂ ಯಾರ್‍ಯಾರು ತಿಂದರೆಂಬ ಮೂಲ ಪ್ರಶ್ನೆಯನ್ನು ಈ ಗದ್ದಲದಲ್ಲಿ ಎರಡೂ ಬಣದವರು ಎದುರಾಳಿಯ ಹೆಸರು ಹೇಳುವುದಕ್ಕಷ್ಟೇ ಎತ್ತುತ್ತಾರೆ.