ಚರ್ಚಿನ ದನಿಯಲ್ಲೇ ಚರ್ಚಿನ ಮೇಲೆ ಸಿಟ್ಟು: ಹೋಜಿಯರ್ ತಯಾರಾದ ಬಗೆ

2013ರ ಸೆಪ್ಟೆಂಬರ್ ಕೊನೆಯಲ್ಲಿ ಯೂಟ್ಯೂಬಿಗೆ ಒಂದು ಕಪ್ಪು ಬಿಳುಪು ವಿಡಿಯೊ ಬಂತು. ಇಬ್ಬರು ಯುವಕರ ಪ್ರೀತಿ, ಸರಪಳಿ ಸುತ್ತಿದ ಒಂದು ಪೆಟ್ಟಿಗೆ, ಮುಖ ಮುಚ್ಚಿಕೊಂಡು ಮನೆಗೆ ನುಗ್ಗುವ ಗುಂಪು, ಕೊನೆಗೆ ಬೆಂಕಿ. ಹಾಡಿದವನು ಮಾತ್ರ ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಅವನ ಹೆಸರು ಹೋಜಿಯರ್, ವಯಸ್ಸು 23. ಹಾಡು ‘ಟೇಕ್ ಮಿ ಟು ಚರ್ಚ್’. ಐರ್ಲೆಂಡಿನ ಹೊರಗೆ ಆ ಹೆಸರು ಕೇಳಿದವರೇ ಕಡಿಮೆ. ರೆಡ್ಡಿಟ್‌ನಂಥ ಕಡೆ ಒಬ್ಬರಿಂದ ಒಬ್ಬರಿಗೆ ದಾಟಿ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಅದನ್ನು ನೋಡಿದರು. 2014 ಮುಗಿಯುವಷ್ಟರಲ್ಲಿ ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತ್ತು.

ಇಷ್ಟು ಕೇಳಿದರೆ ಒಂದೇ ವಿಡಿಯೊದಿಂದ ಮೇಲೆ ಬಂದ ಹುಡುಗ ಅನ್ನಿಸುತ್ತದೆ, ಅಲ್ವಾ? ಇವನ ಬಗ್ಗೆ ಬರೆಯುವ ಬಹಳ ಜನ ಕಥೆಯನ್ನು ಅಲ್ಲಿಂದಲೇ ಶುರು ಮಾಡುತ್ತಾರೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. ವಿಡಿಯೊ ಜನರನ್ನು ಕರೆತಂದಿತು, ನಿಜ. ಆದರೆ ಆ ಹಾಡಿನಲ್ಲಿ ಕೇಳಿಸುವುದು ಎರಡು. ಒಂದು ಚರ್ಚಿನ ದನಿ, ಇನ್ನೊಂದು ಚರ್ಚಿನ ಮೇಲಿನ ಸಿಟ್ಟು. ಎರಡೂ ವಿಡಿಯೊಗಿಂತ ಬಹಳ ಹಳೆಯವು. ದನಿ ಅವನು ವರ್ಷಗಟ್ಟಲೆ ಕಲಿತದ್ದು. ಸಿಟ್ಟು ಅವನ ದೇಶದ್ದು.

ಪೂರ್ತಿ ಹೆಸರು ಆಂಡ್ರ್ಯೂ ಹೋಜಿಯರ್ ಬರ್ನ್. ಹುಟ್ಟಿದ್ದು 1990ರ ಮಾರ್ಚ್ 17ರಂದು, ಡಬ್ಲಿನ್‌ನಿಂದ ದಕ್ಷಿಣಕ್ಕಿರುವ ಬ್ರೇ ಎಂಬ ಕಡಲ ತೀರದ ಊರಿನಲ್ಲಿ. ಬೆಳೆದದ್ದು ಅದೇ ವಿಕ್ಲೊ ಜಿಲ್ಲೆಯ ಹಳ್ಳಿಗಾಡಿನಲ್ಲಿ. ತಂದೆ ಬ್ಯಾಂಕ್ ನೌಕರಿ ಮಾಡುತ್ತಾ ಬ್ಲೂಸ್ ಬ್ಯಾಂಡುಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದರು. ತಾಯಿ ಚಿತ್ರ ಕಲಾವಿದೆ. ಮುಂದೆ ಮಗನ ಆಲ್ಬಂಗಳ ಹೊದಿಕೆ ಚಿತ್ರ ಬರೆದವರೂ ಅವರೇ. ಮನೆಯಲ್ಲಿ ಕೇಳಿಸುತ್ತಿದ್ದದ್ದು ಅಮೆರಿಕದ ಕಪ್ಪು ಗಾಯಕರಾದ ಮಡ್ಡಿ ವಾಟರ್ಸ್, ಜಾನ್ ಲೀ ಹೂಕರ್, ನೀನಾ ಸಿಮೋನ್. ಹದಿನೈದರ ಹೊತ್ತಿಗೆ ಗಿಟಾರ್ ಹಿಡಿದ. ಕಲಿಸಿದವರು ಯಾರೂ ಇಲ್ಲ, ಕೇಳಿಕೊಂಡೇ ಕಲಿತ.

ಬ್ಲೂಸ್ ಮತ್ತು ಗಾಸ್ಪೆಲ್ (ಚರ್ಚಿನ ಭಕ್ತಿ ಹಾಡು) ಒಂದೇ ಓಣಿಯ ಎರಡು ಮನೆಗಳು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಭಾನುವಾರ ಹಾಡಿ ಪಳಗಿದವರೇ ಶನಿವಾರ ರಾತ್ರಿ ಪ್ರೀತಿ, ಕಾಮ, ಸಂಕಟದ ಹಾಡುಗಳನ್ನೂ ಹಾಡಿದರು. ದೇವರಿಗೆ ಹೇಳುವ ಮಾತನ್ನೇ ಪ್ರೇಯಸಿಗೆ ಹೇಳಿದರೂ ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಐರ್ಲೆಂಡಿನ ಹುಡುಗನಿಗೆ ಈ ರೂಢಿ ಅಪ್ಪನ ರೆಕಾರ್ಡುಗಳಿಂದ ಸಿಕ್ಕಿತು.

ಮುಂದೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತ ಶಿಕ್ಷಣ ಓದಲು ಸೇರಿದ. ಅಲ್ಲಿ ವಿದ್ಯಾರ್ಥಿಗಳೇ ನಡೆಸುವ ಆರ್ಕೆಸ್ಟ್ರಾ ಜೊತೆ ಹಾಡಿದ. ಮೊದಲ ವರ್ಷ ಮುಗಿಯುವ ಮೊದಲೇ ಓದು ಬಿಟ್ಟ. ಯೂನಿವರ್ಸಲ್ ಎಂಬ ಸಂಗೀತ ಕಂಪನಿಯ ಐರ್ಲೆಂಡ್ ಶಾಖೆಗೆ ಡೆಮೊ (ಮಾದರಿ) ಹಾಡುಗಳನ್ನು ರೆಕಾರ್ಡ್ ಮಾಡುವ ಅವಕಾಶ ಬಂದಿತ್ತು, ಪರೀಕ್ಷೆಗೂ ಅದಕ್ಕೂ ಹೊಂದಲಿಲ್ಲ. ಆ ಡೆಮೊಗಳಿಂದ ಆಲ್ಬಂ ಏನೂ ಬರಲಿಲ್ಲ. ತಮಾಷೆ ನೋಡಿ: ಕೆಲವು ವರ್ಷಗಳ ಮೇಲೆ ಬ್ರಿಟನ್ನಿನಲ್ಲಿ ಅವನ ಆಲ್ಬಂ ತಂದ ಐಲ್ಯಾಂಡ್ ರೆಕಾರ್ಡ್ಸ್ ಕೂಡ ಯೂನಿವರ್ಸಲ್ ಕುಟುಂಬದ್ದೇ.

ಈ ನಡುವಿನ ವರ್ಷಗಳ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. ನನ್ನ ಲೆಕ್ಕದಲ್ಲಿ ಮುಖ್ಯವಾದವು ಅವೇ. ಸುಮಾರು 2008ರಿಂದ 2012ರವರೆಗೆ ಅವನು ಅನೂನಾ ಎಂಬ ಗುಂಪುಗಾನ ತಂಡದಲ್ಲಿದ್ದ. ಮೈಕಲ್ ಮೆಕ್‌ಗ್ಲಿನ್ 1987ರಲ್ಲಿ ಕಟ್ಟಿದ ತಂಡ ಅದು. 1994ರಲ್ಲಿ ಡಬ್ಲಿನ್‌ನಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ನಡೆದಾಗ ಮಧ್ಯಂತರದಲ್ಲಿ ಐರಿಶ್ ನೃತ್ಯ ‘ರಿವರ್‌ಡ್ಯಾನ್ಸ್’ ಮೊದಲ ಸಲ ಪ್ರದರ್ಶನವಾಯಿತಲ್ಲ, ಅದರ ಹಿಂದಿನ ದನಿಗಳು ಇವರದೇ. ಮಧ್ಯಯುಗದ ಐರಿಶ್ ಮತ್ತು ಲ್ಯಾಟಿನ್ ಭಕ್ತಿಗೀತೆಗಳು ಇವರ ವಿಶೇಷ. ಇಂಥ ತಂಡದಲ್ಲಿ ದನಿ ನಡುಗಿಸುವಂತಿಲ್ಲ, ಒಬ್ಬರ ದನಿ ಎದ್ದು ಕಾಣುವಂತಿಲ್ಲ. ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು ಪಕ್ಕದವರ ದನಿಯಲ್ಲಿ ಬೆರೆಸಬೇಕು. ಹೋಜಿಯರ್ ಇವರ ಜೊತೆ ವಿದೇಶಗಳಿಗೂ ಹೋದ, ಒಂದು ಆಲ್ಬಂನಲ್ಲಿ ಒಂಟಿಯಾಗಿಯೂ ಹಾಡಿದ.

ಈಗ ‘ಟೇಕ್ ಮಿ ಟು ಚರ್ಚ್’ ಇನ್ನೊಮ್ಮೆ ಕೇಳಿ. ಶುರುವಿನಲ್ಲಿ ಪಿಯಾನೊ ಮತ್ತು ಒಂದೇ ದನಿ. ಚರಣದಲ್ಲಿ ತಾಳದ ಲೆಕ್ಕ ಒಂದೇ ಸಮ ನಿಲ್ಲುವುದಿಲ್ಲ; ಕಾಲು ತಟ್ಟುತ್ತಾ ಕೂತರೆ ಎಲ್ಲೋ ಒಂದು ಕಡೆ ತಪ್ಪುತ್ತದೆ. ಪಲ್ಲವಿ ಬಂದ ತಕ್ಷಣ ನಡೆ ಗಟ್ಟಿಯಾಗುತ್ತದೆ, ದನಿಗಳು ಒಂದರ ಮೇಲೊಂದು ಕೂತು ಇಡೀ ಸಭೆ ಎದ್ದು ನಿಂತು ಹಾಡಿದ ಹಾಗೆ ಆಗುತ್ತದೆ. ‘ಆಮೆನ್’ ಕೂಡ ಇದೆ. ಹೇಳುತ್ತಿರುವುದೇನು? ಪ್ರೇಯಸಿಯೇ ನನ್ನ ದೇವಸ್ಥಾನ, ಅವಳ ಮುಂದೆಯೇ ನನ್ನ ತಪ್ಪೊಪ್ಪಿಗೆ. ಹುಟ್ಟುತ್ತಲೇ ಪಾಪಿ ಎಂದು ಹೆಸರಿಟ್ಟ ಸಂಸ್ಥೆಯ ಸಹವಾಸ ಸಾಕು ಅಂತ. ಸಿಟ್ಟಿನ ಹಾಡುಗಳು ಎಷ್ಟೋ ಇವೆ. ಎದುರಾಳಿಯ ಸ್ತೋತ್ರದ ಧಾಟಿಯನ್ನೇ ಎತ್ತಿಕೊಂಡು ಇಷ್ಟು ಅಚ್ಚುಕಟ್ಟಾಗಿ ಬೈದ ಪಾಪ್ ಹಾಡು ಅಪರೂಪ. ಸುಮ್ನೆ ಬಂದ ಕಸುಬಲ್ಲ ಅದು.

ಹಾಡಿನ ಡೆಮೊ ತಯಾರಾಗಿದ್ದು ಅಪ್ಪ ಅಮ್ಮನ ಮನೆಯ ಅಟ್ಟದಲ್ಲಿ. ಒಂದು ಪ್ರೀತಿ ಮುರಿದ ಹೊತ್ತಿನಲ್ಲಿ ಬರೆದದ್ದು ಎಂದು ಅವನೇ ಹೇಳಿಕೊಂಡಿದ್ದಾನೆ. ರೂಬಿವರ್ಕ್ಸ್ ಎಂಬ ಡಬ್ಲಿನ್ನಿನ ಸಣ್ಣ ಲೇಬಲ್ ಅದನ್ನು ಕೈಗೆತ್ತಿಕೊಂಡಿತು. ನಿರ್ಮಾಪಕ ರಾಬ್ ಕಿರ್ವನ್ ಅಟ್ಟದ ಡೆಮೊದ ಸೊಗಡನ್ನು ಉಳಿಸಿಕೊಂಡೇ ಹಾಡನ್ನು ತಿದ್ದಿದರು. ವಿಡಿಯೊ ಮಾಡಿದ್ದು ಕಾರ್ಕ್ ನಗರದ ‘ಫೀಲ್ ಗುಡ್ ಲಾಸ್ಟ್’ ತಂಡ, ತೀರಾ ಕಡಿಮೆ ಖರ್ಚಿನಲ್ಲಿ. ಅದೇ ವರ್ಷ ಜೂನ್‌ನಲ್ಲಿ ರಷ್ಯಾದಲ್ಲಿ ಸಲಿಂಗ ಪ್ರೀತಿಯ ‘ಪ್ರಚಾರ’ದ ವಿರುದ್ಧ ಕಾನೂನು ಬಂದಿತ್ತು. ಅಲ್ಲಿ ಗುಂಪುಗಳು ಜನರನ್ನು ಹಿಡಿದು ಬಡಿಯುತ್ತಿದ್ದ ಸುದ್ದಿಗಳೇ ವಿಡಿಯೊಗೆ ಮೂಲ. ಅದು ಜಗತ್ತು ಸುತ್ತುತ್ತಿದ್ದಾಗಲೇ, 2013ರ ಡಿಸೆಂಬರ್ 11ರಂದು, ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿಗೆ ಮತ್ತೆ ಜೀವ ಕೊಟ್ಟಿತು.

ರಷ್ಯಾ ವಿಡಿಯೊದ ವಿಷಯವಾಯಿತು. ಹಾಡಿನ ವಿಷಯ ಐರ್ಲೆಂಡ್. ಅಲ್ಲಿ ಬಹುಕಾಲ ಶಾಲೆ, ಆಸ್ಪತ್ರೆ, ಮದುವೆ, ಹೆರಿಗೆ ಎಲ್ಲದರಲ್ಲೂ ಕ್ಯಾಥೊಲಿಕ್ ಚರ್ಚಿನ ಕೈ ಇತ್ತು. ಬ್ರಿಟಿಷರು 1861ರಲ್ಲಿ ತಂದ ಕಾನೂನಿನಡಿ ಗಂಡಸರ ಸಲಿಂಗ ಸಂಬಂಧ ಅಪರಾಧವಾಗಿತ್ತು. ಟ್ರಿನಿಟಿಯಲ್ಲಿ ಪಾಠ ಹೇಳುತ್ತಿದ್ದ ಡೇವಿಡ್ ನಾರಿಸ್ ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋಗಿ 1988ರಲ್ಲಿ ಗೆದ್ದ ಮೇಲೂ ಅದು ಹೋಗಲು 1993ರವರೆಗೆ ಕಾಯಬೇಕಾಯಿತು. ವಿಚ್ಛೇದನಕ್ಕೆ ಅವಕಾಶ ಸಿಕ್ಕಿದ್ದು 1995ರ ಜನಮತದಲ್ಲಿ, ಬರೀ 9 ಸಾವಿರ ಚಿಲ್ಲರೆ ಮತಗಳ ಅಂತರದಿಂದ. ‘ದಾರಿ ತಪ್ಪಿದ’ ಹೆಣ್ಣುಮಕ್ಕಳನ್ನು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಆಗ ಹೋಜಿಯರ್‌ಗೆ ಆರು ವರ್ಷ.

ಅವನಿಗಿಂತ ಮೊದಲು ಸಿಟ್ಟು ತೋರಿಸಿ ಪೆಟ್ಟು ತಿಂದವರು ಐರಿಶ್ ಗಾಯಕಿ ಶಿನೇಡ್ ಓಕಾನರ್. 1992ರ ಅಕ್ಟೋಬರ್ 3ರಂದು ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮದಲ್ಲಿ ಹಾಡು ಮುಗಿಸಿ ಪೋಪ್ ಜಾನ್ ಪಾಲ್ ಅವರ ಚಿತ್ರವನ್ನು ಕ್ಯಾಮೆರಾ ಎದುರು ಹರಿದುಹಾಕಿದರು. ಮಕ್ಕಳ ಮೇಲೆ ಚರ್ಚಿನೊಳಗೆ ನಡೆಯುತ್ತಿದ್ದ ದೌರ್ಜನ್ಯದ ವಿರುದ್ಧ ಅದು ಪ್ರತಿಭಟನೆ. ಎರಡು ವಾರಕ್ಕೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜನ ಕೂಗಿ ಅವರನ್ನು ಗೇಲಿ ಮಾಡಿದರು. ಅವರು ಹೇಳಿದ್ದು ಸರಿ ಎಂದು ದಾಖಲೆ ಸಮೇತ ಗೊತ್ತಾಗಲು 17 ವರ್ಷ ಬೇಕಾಯಿತು. 2009ರ ಮೇ ತಿಂಗಳಲ್ಲಿ ರಯಾನ್ ವರದಿ ಬಂತು. ಧಾರ್ಮಿಕ ಸಂಸ್ಥೆಗಳು ನಡೆಸುತ್ತಿದ್ದ ಮಕ್ಕಳ ಶಾಲೆಗಳಲ್ಲಿ ಏನೇನಾಗಿತ್ತು ಅನ್ನುವುದು ಅದರಲ್ಲಿತ್ತು. ನವೆಂಬರ್‌ನಲ್ಲಿ ಬಂದ ಮರ್ಫಿ ವರದಿ, ಡಬ್ಲಿನ್ನಿನ ಚರ್ಚ್ ಆಡಳಿತ ದೂರುಗಳನ್ನು ಹೇಗೆ ಮುಚ್ಚಿಟ್ಟಿತ್ತು ಎಂದು ಬಿಡಿಸಿಟ್ಟಿತು. ಹೋಜಿಯರ್‌ಗೆ ಆಗ 19. ಲ್ಯಾಟಿನ್ ಭಕ್ತಿಗೀತೆ ಹಾಡುವ ತಂಡದಲ್ಲಿದ್ದ.

ಇನ್ನೊಂದು ಸಾವನ್ನು ಕರ್ನಾಟಕದವರು ಮರೆತಿರಲಿಕ್ಕಿಲ್ಲ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 31. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇರುವವರೆಗೆ ಗರ್ಭಪಾತ ಮಾಡುವಂತಿಲ್ಲ ಎಂದು ವೈದ್ಯರು ಕೈಕಟ್ಟಿ ಕೂತರು. ನಂಜು ಮೈಯೆಲ್ಲ ಏರಿತು. ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತು ಸವಿತಾಗೆ ಹೇಳಿದ್ದಾಗಿ ಸೂಲಗಿತ್ತಿಯೊಬ್ಬರು 2013ರ ಏಪ್ರಿಲ್‌ನ ವಿಚಾರಣೆಯಲ್ಲಿ ಒಪ್ಪಿಕೊಂಡರು. ಡಬ್ಲಿನ್ನಿನ ಬೀದಿಗಳಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ನಡೆದರು. 2013ರ ಫೆಬ್ರುವರಿಯಲ್ಲಿ ಪ್ರಧಾನಿ ಎಂಡಾ ಕೆನಿ ಮ್ಯಾಗ್ಡಲೀನ್ ಲಾಂಡ್ರಿಗಳ ಹೆಣ್ಣುಮಕ್ಕಳ ಕ್ಷಮೆ ಕೇಳಿದ್ದರು.

ಹೋಜಿಯರ್ ಹಾಡು ಸವಿತಾ ಬಗ್ಗೆ ಅಲ್ಲ. ಹಾಗೆ ಗಂಟು ಹಾಕುವುದು ತಪ್ಪಾಗುತ್ತದೆ. ಆದರೆ ಅದು ಹೊರಬಂದದ್ದು ಇದೇ ತಿಂಗಳುಗಳಲ್ಲಿ. ಶಿನೇಡ್ ಒಬ್ಬರೇ ನಿಂತಿದ್ದ ಜಾಗದಲ್ಲಿ ಈಗ ಅರ್ಧ ದೇಶ ನಿಂತಿತ್ತು. 2013ರ ಕೊನೆಯ ಹೊತ್ತಿಗೆ ಹಾಡು ಐರ್ಲೆಂಡಿನ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು. 2014ರ ಅಕ್ಟೋಬರ್ 11ರಂದು ಹೋಜಿಯರ್ ಅದೇ ‘ಸ್ಯಾಟರ್ಡೇ ನೈಟ್ ಲೈವ್’ ವೇದಿಕೆ ಹತ್ತಿ ಈ ಹಾಡನ್ನು ಹಾಡಿದ. ಯಾರೂ ಗಲಾಟೆ ಮಾಡಲಿಲ್ಲ. 22 ವರ್ಷದಲ್ಲಿ ಎಷ್ಟು ನೀರು ಹರಿದಿತ್ತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಹೊಳೆಯುವುದಿಲ್ಲ.

ಉಳಿದದ್ದು ಪಾಪ್ ಲೋಕದ ಮಾಮೂಲಿ ದಾರಿ. ಅಮೆರಿಕದಲ್ಲಿ ಕೊಲಂಬಿಯಾ ಲೇಬಲ್, 2014ರ ಸೆಪ್ಟೆಂಬರ್‌ನಲ್ಲಿ ಅವನದೇ ಹೆಸರಿನ ಮೊದಲ ಆಲ್ಬಂ, ಜಾಹೀರಾತು, ಫ್ಯಾಷನ್ ಶೋ. ಒಳ ಉಡುಪಿನ ಫ್ಯಾಷನ್ ಶೋದಲ್ಲೂ ಈ ಹುಡುಗ ಹಾಡಿದ್ದು ನನಗೆ ಈಗಲೂ ಸ್ವಲ್ಪ ನಗು ತರಿಸುತ್ತದೆ. 2015ರ ಗ್ರ್ಯಾಮಿಯಲ್ಲಿ ವರ್ಷದ ಹಾಡು ಪ್ರಶಸ್ತಿಗೆ ಹೆಸರು ಬಂತು, ಗೆದ್ದದ್ದು ಸ್ಯಾಮ್ ಸ್ಮಿತ್. ಆದರೆ ಅವತ್ತು ವೇದಿಕೆಯಲ್ಲಿ ಗಾಯಕಿ ಆನಿ ಲೆನಾಕ್ಸ್ ಜೊತೆ ಹಾಡಿದ್ದನ್ನು ಹುಡುಕಿ ನೋಡಿ. ಅರವತ್ತು ದಾಟಿದ ಆಕೆ ಹುಡುಗನನ್ನು ಪಕ್ಕಕ್ಕೆ ತಳ್ಳಿ ವೇದಿಕೆಯನ್ನೇ ಎತ್ತಿಕೊಂಡು ಹೋಗುತ್ತಾರೆ. ಅವನು ಖುಷಿಯಾಗಿ ಬಿಟ್ಟುಕೊಡುತ್ತಾನೆ. ಗುಂಪುಗಾನದಲ್ಲಿ ಪಳಗಿದವನ ಗುಣ ಅದು.

ಆ ವರ್ಷ ಮೇ 22ರಂದು ಐರ್ಲೆಂಡ್ ಸಲಿಂಗ ಮದುವೆಗೆ ಜನಮತದಲ್ಲಿ ಶೇ 62ರಷ್ಟು ಒಪ್ಪಿಗೆ ಕೊಟ್ಟಿತು. 2018ರ ಮೇ 25ರಂದು ಗರ್ಭಪಾತ ನಿಷೇಧದ ತಿದ್ದುಪಡಿಯನ್ನು ಶೇ 66ರಷ್ಟು ಮತದಾರರು ಕಿತ್ತುಹಾಕಿದರು. ಡಬ್ಲಿನ್ನಿನ ಗೋಡೆಯ ಮೇಲೆ ಬರೆದ ಸವಿತಾ ಚಿತ್ರಕ್ಕೆ ಜನ ಚೀಟಿ ಅಂಟಿಸಿ ಹೋದರು. 2011ರ ಜನಗಣತಿಯಲ್ಲಿ ಶೇ 84 ಇದ್ದ ಕ್ಯಾಥೊಲಿಕರ ಪ್ರಮಾಣ 2022ಕ್ಕೆ ಶೇ 69ಕ್ಕೆ ಇಳಿದಿತ್ತು. ಇದೆಲ್ಲ ಒಂದು ಹಾಡಿನಿಂದ ಆಯಿತು ಎಂದು ಹೇಳುವುದು ಬಾಲಿಶ. ಹಾಡು ಆ ಮೆರವಣಿಗೆಯ ಮಧ್ಯೆ ಎಲ್ಲೋ ಇತ್ತು, ಅಷ್ಟೆ.

ಮೊದಲ ಆಲ್ಬಂ ಆದ ಮೇಲೆ ಹೋಜಿಯರ್ ನಾಲ್ಕೂವರೆ ವರ್ಷ ತೆಗೆದುಕೊಂಡ. 2018ರ ಸೆಪ್ಟೆಂಬರ್‌ನಲ್ಲಿ ಬಂದ ‘ನೀನಾ ಕ್ರೈಡ್ ಪವರ್’ ಹಾಡಿನಲ್ಲಿ ಗಾಸ್ಪೆಲ್ ಮನೆತನದ ಹಿರಿಯ ಗಾಯಕಿ ಮೇವಿಸ್ ಸ್ಟೇಪಲ್ಸ್ ದನಿಗೂಡಿಸಿದರು. ಅದರ ವಿಡಿಯೊದಲ್ಲಿ ಐರ್ಲೆಂಡಿನ ಹೋರಾಟಗಾರರು ಒಬ್ಬೊಬ್ಬರಾಗಿ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತಾರೆ. ಎರಡನೇ ಆಲ್ಬಂ 2019ರ ಮಾರ್ಚ್‌ನಲ್ಲಿ ಬಂತು, ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ವಾರವೇ ಮೊದಲ ಸ್ಥಾನ. ಈ ಸಲ ಅದಕ್ಕೆ ವೈರಲ್ ವಿಡಿಯೊ ಬೇಕಾಗಲಿಲ್ಲ.