ನಡೆಯದ ಪಂದ್ಯವನ್ನು ಚರ್ಚಿಸುವ ಬಗೆ: ಮೊದಲು ತಾರೀಖು, ಆಮೇಲೆ ಹೆಸರು

ಪುಣೆಯ ಕೊಥ್ರೂಡಿನಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಾವು ಐದು ಮಂದಿ ಕನ್ನಡಿಗರು ಕೆಲವು ತಿಂಗಳಿಂದ ಹೆವಿವೇಟ್ (ಅತಿ ಭಾರದ ವರ್ಗದ) ಬಾಕ್ಸಿಂಗ್ ಚರಿತ್ರೆಯನ್ನು ಕ್ರಮವಾಗಿ ಓದುತ್ತಿದ್ದೇವೆ. ಈ ವಾರ ನಮ್ಮ ಮುಂದಿದ್ದ ವಿಷಯವೆಂದರೆ, ಒಂದೇ ಕಾಲದಲ್ಲಿ ಪಟ್ಟದಲ್ಲಿದ್ದೂ ಒಬ್ಬರಿಗೊಬ್ಬರು ಎದುರಾಗದೆ ಹೋದ ಚಾಂಪಿಯನ್ನರು. ಚರ್ಚೆಯಲ್ಲಿ ನಾನು ಒಂದು ಕಡೆ ಕೆಟ್ಟದಾಗಿ ಎಡವಿದೆ. ಎಡವಿದ ಜಾಗ ಮರೆಯುವ ಮುಂಚೆ ಅದನ್ನು ನನಗಾಗಿಯೂ, ಇದೇ ಪಾಠವನ್ನು ಓದುತ್ತಿರುವ ಇತರರಿಗಾಗಿಯೂ ಬರೆದಿಡುತ್ತಿದ್ದೇನೆ. ಹೊಸಬರಿಗೆ ಎರಡು ಮಾತು: ನಾಲ್ಕು ಸಂಸ್ಥೆಗಳು ಬೇರೆ ಬೇರೆ ಪಟ್ಟ, ಅಂದರೆ ಬೆಲ್ಟು, ಕೊಡುವುದರಿಂದ ಒಂದೇ ಕಾಲದಲ್ಲಿ ಒಬ್ಬರಿಗಿಂತ ಹೆಚ್ಚು ಚಾಂಪಿಯನ್ನರು ಇರಬಹುದು; ಕೊನೆಯ ಸುತ್ತಿನವರೆಗೂ ಇಬ್ಬರೂ ನಿಂತರೆ ತೀರ್ಪುಗಾರರ ಅಂಕಗಳೇ ಗೆದ್ದವನನ್ನು ನಿರ್ಧರಿಸುತ್ತವೆ.

ಸಮಾನ ಎದುರಾಳಿಯ ಲೆಕ್ಕ

ಆಂಥನಿ ಜೋಶುವಾ ಮತ್ತು ಡಿಯಾಂಟೇ ವೈಲ್ಡರ್ ಇಬ್ಬರೂ ಪಟ್ಟದಲ್ಲಿದ್ದಾಗ ಸೆಣಸಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬುದು ಮೊದಲ ಪ್ರಶ್ನೆಯಾಗಿತ್ತು. ವೈಲ್ಡರ್ ಎಂದು ನಾನು ತಕ್ಷಣ ಹೇಳಿದೆ. ನನ್ನ ಆಧಾರ ಸಮಾನ ಎದುರಾಳಿ, ಅಂದರೆ ಇಬ್ಬರೂ ಬೇರೆ ಬೇರೆಯಾಗಿ ಎದುರಿಸಿದ್ದ ಡೊಮಿನಿಕ್ ಬ್ರೆಜೀಲ್. ಆತನನ್ನು ಉರುಳಿಸಲು ಜೋಶುವಾಗೆ 2016ರ ಜೂನ್‌ನಲ್ಲಿ ಏಳು ಸುತ್ತು ಬೇಕಾಯಿತು. 2019ರ ಮೇ ತಿಂಗಳಲ್ಲಿ ವೈಲ್ಡರ್ ಅದೇ ಕೆಲಸವನ್ನು ಒಂದೇ ಸುತ್ತಿನಲ್ಲಿ ಮುಗಿಸಿದ. ಹಾಗಾದರೆ ವೈಲ್ಡರ್ ಹೆಚ್ಚು ಬಲಶಾಲಿ ಎಂದು ತೀರ್ಮಾನಿಸಿದೆ.

ಎದುರು ಕುಳಿತಿದ್ದ ಗೆಳೆಯರು ಎರಿಕ್ ಮೊಲಿನಾನ ಹೆಸರು ತೆಗೆದರು. 2015ರಲ್ಲಿ ಮೊಲಿನಾನನ್ನು ಮಣಿಸಲು ವೈಲ್ಡರ್‌ಗೆ ಒಂಬತ್ತು ಸುತ್ತು ಹಿಡಿಯಿತು. 2016ರ ಡಿಸೆಂಬರ್‌ನಲ್ಲಿ ಜೋಶುವಾ ಅವನನ್ನು ಮೂರನೆಯ ಸುತ್ತಿನಲ್ಲೇ ನಿಲ್ಲಿಸಿದ. ನನ್ನ ಸೂತ್ರವನ್ನೇ ಹಿಡಿದರೆ ಉತ್ತರ ತಿರುಗುಮುರುಗಾಗುತ್ತದೆ. ಎರಡನ್ನೂ ಕೂಡಿಸಿ ನೋಡೋಣವೆಂದು ಹೊರಟೆ. ವೈಲ್ಡರ್‌ಗೆ ಒಂದು ಮತ್ತು ಒಂಬತ್ತು, ಜೋಶುವಾಗೆ ಏಳು ಮತ್ತು ಮೂರು. ಇಬ್ಬರಿಗೂ ಮೊತ್ತ ಹತ್ತೇ.

ಅಂದು ನನಗೆ ಮಾತು ಹೊರಡಲಿಲ್ಲ. ಸೂತ್ರ ಎಲ್ಲಿ ಮುರಿಯಿತೆಂದು ತಿಳಿಯಲು ಎರಡು ದಿನ ಹಿಡಿಯಿತು. ಆ ಹೆಜ್ಜೆಯನ್ನು ನಿಧಾನವಾಗಿ ಬಿಡಿಸುತ್ತೇನೆ. ‘ಕ’ ಎಂಬುವನು ‘ಗ’ನನ್ನು ಬೇಗ ಸೋಲಿಸಿದ, ‘ಚ’ ಎಂಬುವನು ಅದೇ ‘ಗ’ನನ್ನು ತಡವಾಗಿ ಸೋಲಿಸಿದ, ಆದ್ದರಿಂದ ‘ಕ’ನು ‘ಚ’ನನ್ನು ಸೋಲಿಸುತ್ತಾನೆ ಎನ್ನುವಾಗ ನಾವು ಸದ್ದಿಲ್ಲದೆ ಎರಡು ಸಂಗತಿಗಳನ್ನು ಒಪ್ಪಿಕೊಂಡಿರುತ್ತೇವೆ. ಒಂದು, ಎರಡೂ ರಾತ್ರಿ ಕಣದಲ್ಲಿದ್ದ ‘ಗ’ ಒಬ್ಬನೇ ಎಂಬುದು. ಇದು ನಿಜವಲ್ಲ. ಜೋಶುವಾನ ಮುಂದೆ ನಿಂತ ಬ್ರೆಜೀಲ್ ಅಲ್ಲಿಯವರೆಗೆ ಸೋಲನ್ನೇ ಕಾಣದವನು. ವೈಲ್ಡರ್‌ನ ಮುಂದೆ ನಿಂತವನು ಮೂರು ವರ್ಷ ಹಳಬ ಮತ್ತು ಆ ಸೋಲನ್ನು ಹೊತ್ತವನು. ಎರಡು, ‘ಗ’ನಿಗೆ ತೊಂದರೆ ಕೊಟ್ಟ ಅಸ್ತ್ರವೇ ‘ಚ’ನಿಗೂ ತೊಂದರೆ ಕೊಡುತ್ತದೆ ಎಂಬುದು. ಇದಂತೂ ಮೊದಲಿನದಕ್ಕಿಂತ ಸುಳ್ಳು.

ಈ ಎರಡನೆಯ ತಪ್ಪಿಗೆ ದೊಡ್ಡ ಸಾಕ್ಷಿ 1970ರ ದಶಕದಲ್ಲಿದೆ. ಜೋ ಫ್ರೇಜಿಯರ್ 1971ರಲ್ಲಿ ಹದಿನೈದು ಸುತ್ತು ಹೋರಾಡಿ ಮುಹಮ್ಮದ್ ಅಲಿಯನ್ನು ಸೋಲಿಸಿದ. ಕೆನ್ ನಾರ್ಟನ್ 1973ರಲ್ಲಿ ಅಲಿಯ ದವಡೆ ಮುರಿದು ಗೆದ್ದ. ಜಾರ್ಜ್ ಫೋರ್‌ಮನ್ ಈ ಇಬ್ಬರನ್ನೂ ಎರಡೆರಡು ಸುತ್ತಿನಲ್ಲಿ ಮುಗಿಸಿದ. ಕಿಂಗ್‌ಸ್ಟನ್‌ನಲ್ಲಿ ಅವನೆದುರು ಫ್ರೇಜಿಯರ್ ಆರು ಬಾರಿ ನೆಲಕ್ಕುರುಳಿದ. ಸಮಾನ ಎದುರಾಳಿಯ ಲೆಕ್ಕ ಸರಿಯಾಗಿದ್ದರೆ 1974ರ ಅಕ್ಟೋಬರ್‌ನಲ್ಲಿ ಕಿನ್ಶಾಸಾದಲ್ಲಿ ಅಲಿ ಉಳಿಯಲೇಬಾರದಿತ್ತು. ಆದರೆ ಎಂಟನೆಯ ಸುತ್ತಿನಲ್ಲಿ ಬಿದ್ದವನು ಫೋರ್‌ಮನ್. ಬಾಗಿ ಮುನ್ನುಗ್ಗುವ ಫ್ರೇಜಿಯರ್ ಫೋರ್‌ಮನ್‌ನ ಮೇಲೆತ್ತಿ ಹೊಡೆಯುವ ಏಟಿಗೆ ತಾನಾಗಿಯೇ ಸಿಗುತ್ತಿದ್ದ. ಹಗ್ಗಕ್ಕೊರಗಿ ತಲೆಯನ್ನು ಹಿಂದಕ್ಕೆ ಸೆಳೆಯುವ ಅಲಿ ಹಾಗೆ ಸಿಗಲಿಲ್ಲ. ಈ ಪಂದ್ಯ ನಡೆದದ್ದರಿಂದ ನಮಗೆ ಇದು ತಿಳಿದಿದೆ. ನಡೆಯದೆ ಹೋಗಿದ್ದರೆ ಫೋರ್‌ಮನ್ ಎರಡು ಸುತ್ತಿನಲ್ಲಿ ಗೆಲ್ಲುತ್ತಿದ್ದ ಎಂದು ಇಂದಿಗೂ ನಾನು ವಾದಿಸುತ್ತಿದ್ದೆನೇನೋ.

ಬೆಳಗಾವಿಯಲ್ಲಿರುವ ನನ್ನ ದೊಡ್ಡಪ್ಪ ಯೌವನದಲ್ಲಿ ಗರಡಿಯಲ್ಲಿ ಮೈ ಮಣಿಸಿದವರು, ಜಾತ್ರೆಗಳಲ್ಲಿ ಕುಸ್ತಿಗೆ ಜೋಡಿ ಕಟ್ಟಿದವರು. ಫೋನಿನಲ್ಲಿ ಈ ಗೊಂದಲವನ್ನು ಹೇಳಿದಾಗ ಅವರು ಅಂದದ್ದು ಇಷ್ಟೇ: “ತಮ್ಮಾ, ಜೋಡಿ ಕಟ್ಟೂ ಮುಂದ ಪೈಲ್ವಾನನ ಹೆಸರ ನೋಡಬಾರದು, ಅವತ್ತಿನ ಅವನ ಮೈ ನೋಡಬೇಕು.” ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಈಗ ಈ ಮಾತಿದೆ.

ಜೋಡಿ ಅವಧಿ ಗುರುತಿಸುವುದು

ಆ ಮಾತಿನಿಂದ ಹುಟ್ಟಿದ ಉಪಾಯ ಇದು. ಹಾಳೆಯ ಮೇಲೆ ಇಬ್ಬರಿಗೂ ಒಂದೊಂದು ಗೆರೆ ಎಳೆದು, ಪಟ್ಟ ಬಂದ ತಾರೀಖು ಮತ್ತು ಹೋದ ತಾರೀಖನ್ನು ಗುರುತು ಮಾಡಬೇಕು. ಗೆರೆಗಳು ಒಂದರ ಮೇಲೊಂದು ಬರುವ ಭಾಗವೇ ಜೋಡಿ ಅವಧಿ. ಚರ್ಚೆ ಅದರೊಳಗೇ ನಡೆಯಬೇಕು. ಆಚೆಗಿನ ಗೆಲುವು ಸೋಲುಗಳಿಗೆ ಅಲ್ಲಿ ಬೆಲೆಯಿಲ್ಲ.

ಲೆನಾಕ್ಸ್ ಲೂಯಿಸ್ ಮತ್ತು ರಿಡಿಕ್ ಬೋ ಜೋಡಿಗೆ ಇದನ್ನು ಹಚ್ಚಿ ನೋಡಿದೆ. ನಡೆಯದ ಪಂದ್ಯಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವುದು ಇದೇ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ಪರವಾಗಿ ಆಡಿದ ಲೂಯಿಸ್ ಎರಡನೆಯ ಸುತ್ತಿನಲ್ಲಿ ಬೋನನ್ನು ನಿಲ್ಲಿಸಿ ಚಿನ್ನ ಗೆದ್ದಿದ್ದ. 1992ರ ನವೆಂಬರ್ 13ರಂದು ಬೋ, ಇವಾಂಡರ್ ಹೋಲಿಫೀಲ್ಡ್‌ನನ್ನು ಹನ್ನೆರಡು ಸುತ್ತಿನ ಅಂಕಗಳಲ್ಲಿ ಸೋಲಿಸಿ ಪಟ್ಟಕ್ಕೇರಿದ. ಲೂಯಿಸ್ ಜೊತೆ ಸೆಣಸುವ ಬದಲು ಡಿಸೆಂಬರ್‌ನಲ್ಲಿ ಲಂಡನ್ನಿನ ಪತ್ರಿಕಾಗೋಷ್ಠಿಯೊಂದರಲ್ಲಿ ಆ ನಾಲ್ಕು ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿಯ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ. ಆ ಪಟ್ಟ ಲೂಯಿಸ್‌ನ ಪಾಲಾಯಿತು. 1993ರ ನವೆಂಬರ್ 6ರಂದು ಬೋ ಅದೇ ಹೋಲಿಫೀಲ್ಡ್‌ಗೆ ಸೋತ. ಜೋಡಿ ಅವಧಿ ಹನ್ನೊಂದು ತಿಂಗಳೂ ತುಂಬುವುದಿಲ್ಲ.

ಲೂಯಿಸ್ ಸುಲಭವಾಗಿ ಗೆಲ್ಲುತ್ತಿದ್ದ ಎನ್ನುವವರು ಆಂಡ್ರ್ಯೂ ಗೊಲೋಟಾನ ಉದಾಹರಣೆ ಕೊಡುತ್ತಾರೆ. ಗೊಲೋಟಾ 1996ರಲ್ಲಿ ಎರಡು ಬಾರಿ ಬೋನನ್ನು ಜಜ್ಜಿ ಹಾಕಿದ. ಸೊಂಟದ ಕೆಳಗೆ ಹೊಡೆದು ಅನರ್ಹನಾದದ್ದರಿಂದಷ್ಟೇ ಗೆಲುವು ಬೋಗೆ ದಕ್ಕಿತು. ಮರುವರ್ಷ ಲೂಯಿಸ್ ಅದೇ ಗೊಲೋಟಾನನ್ನು ಮೊದಲ ಸುತ್ತಿನಲ್ಲೇ ಉರುಳಿಸಿದ. ಕೇಳಲು ನಿರ್ಣಾಯಕ ಎನಿಸುವ ಈ ಸಾಕ್ಷಿ ಜೋಡಿ ಅವಧಿಯಿಂದ ಮೂರು ನಾಲ್ಕು ವರ್ಷ ಆಚೆಗಿದೆ. 1992ರಲ್ಲಿ ಹೋಲಿಫೀಲ್ಡ್‌ನನ್ನು ಗೆದ್ದಾಗ ಬೋನ ತೂಕ 235 ಪೌಂಡ್; ಒಂದು ವರ್ಷದ ಬಳಿಕ ಅದು 246; ಗೊಲೋಟಾನ ಮೊದಲ ಪಂದ್ಯಕ್ಕೆ 252. ಹೆಸರು ಒಂದೇ, ಮೈ ಬೇರೆ. ಲೂಯಿಸ್ ಕೂಡ 1997ರ ಹೊತ್ತಿಗೆ ಇಮ್ಯಾನುಯೆಲ್ ಸ್ಟೀವರ್ಡ್ ಅವರ ಕೈಯಲ್ಲಿ ತಿದ್ದಿಸಿಕೊಂಡವನು. 1993ರಲ್ಲಿ ಅವನಿಗೆ ಆ ಗುರು ಸಿಕ್ಕಿರಲಿಲ್ಲ.

ಹಾಗಾದರೆ ಆ ಹನ್ನೊಂದು ತಿಂಗಳಲ್ಲಿ ಏನಿದೆ? ಬೋ ಮೈಕಲ್ ಡೋಕ್ಸ್‌ನನ್ನು ಒಂದು ಸುತ್ತಿನಲ್ಲಿ, ಜೆಸ್ಸಿ ಫರ್ಗುಸನ್‌ನನ್ನು ಎರಡು ಸುತ್ತಿನಲ್ಲಿ ಮುಗಿಸಿದ. ಇವು ಅವನನ್ನು ಪರೀಕ್ಷಿಸುವ ಪಂದ್ಯಗಳೇ ಅಲ್ಲ. ಲೂಯಿಸ್ ಟೋನಿ ಟಕರ್‌ನನ್ನು ಎರಡು ಬಾರಿ ಕೆಡವಿಯೂ ಅಂಕಗಳ ಮೇಲೆ ಗೆಲ್ಲಬೇಕಾಯಿತು. ಅಕ್ಟೋಬರ್‌ನಲ್ಲಿ ಕಾರ್ಡಿಫ್‌ನಲ್ಲಿ ಫ್ರಾಂಕ್ ಬ್ರೂನೋ ಅವನನ್ನು ಸಾಕಷ್ಟು ಕಾಡಿದ ಮೇಲೆ ಏಳನೆಯ ಸುತ್ತಿನಲ್ಲಿ ಸೋತ. ಎತ್ತರದಲ್ಲಿ ಇಬ್ಬರೂ ಆರಡಿ ಐದಂಗುಲದವರು. ಆದರೆ ಅಷ್ಟು ಎತ್ತರದವರಲ್ಲಿ ಹತ್ತಿರ ನಿಂತು ಹೊಟ್ಟೆ ಪಕ್ಕೆಗಳಿಗೆ ಚಿಕ್ಕ ಏಟು ಹಾಕುವ ವಿದ್ಯೆ ಬೋಗೆ ಸಿದ್ಧಿಸಿದ್ದಷ್ಟು ಬೇರೆ ಯಾರಿಗೂ ಸಿದ್ಧಿಸಿರಲಿಲ್ಲ, ಅವನ ಮೂಲೆಯಲ್ಲಿ ತರಬೇತುದಾರ ಎಡ್ಡಿ ಫಚ್ ಇದ್ದರು. ಲೂಯಿಸ್‌ನ ಬಲಗೈ ಭಯಂಕರ, ಆದರೆ ಆಗಿನ್ನೂ ಅವನ ಜ್ಯಾಬ್ (ಮುಂದಿನ ಕೈಯ ನೇರ ಏಟು) ಅಳತೆಗೆ ಬಂದಿರಲಿಲ್ಲ. ನನ್ನ ತೀರ್ಪು ಹೀಗಿದೆ: 1993ರ ವಸಂತದಲ್ಲಿ ಮೊದಲ ನಾಲ್ಕು ಸುತ್ತು ದಾಟಿದರೆ ಅಂಕಗಳ ಮೇಲೆ ಬೋ; 1995ರ ನಂತರ ಯಾವ ದಿನವಾದರೂ ಲೂಯಿಸ್. ಸೋಲ್‌ನ ಚಿನ್ನದ ಮಾತನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಅದು ಮೂರು ಸುತ್ತಿನ ಆಟ.

ತಪ್ಪಿಸಿಕೊಂಡವನು ಸೋಲುತ್ತಿದ್ದನೇ?

ಪಂದ್ಯ ಏಕೆ ನಡೆಯಲಿಲ್ಲ ಎಂಬುದೂ ನಡೆದಿದ್ದರೆ ಯಾರು ಗೆಲ್ಲುತ್ತಿದ್ದರು ಎಂಬುದೂ ಬೇರೆ ಬೇರೆ ಪ್ರಶ್ನೆಗಳು. ಜ್ಯಾಕ್ ಡೆಂಪ್ಸಿ 1919ರಿಂದ 1926ರವರೆಗೆ ಚಾಂಪಿಯನ್ ಆಗಿದ್ದ. ಹ್ಯಾರಿ ವಿಲ್ಸ್ ಆ ವರ್ಷಗಳಲ್ಲಿ ಕಪ್ಪು ಜನಾಂಗದವರಿಗೆಂದೇ ಇದ್ದ ಪ್ರತ್ಯೇಕ ಪಟ್ಟವನ್ನು ಹೊತ್ತು ಕಾದ. ಒಪ್ಪಂದಕ್ಕೆ ಸಹಿ ಬಿದ್ದರೂ ಪಂದ್ಯ ನಡೆಯಲಿಲ್ಲ. ಅದಕ್ಕೆ ಮುಖ್ಯ ಕಾರಣ ವರ್ಣದ್ವೇಷ. 1910ರಲ್ಲಿ ಕಪ್ಪು ಜನಾಂಗದ ಚಾಂಪಿಯನ್ ಜ್ಯಾಕ್ ಜಾನ್ಸನ್ ಗೆದ್ದಾಗ ಅಮೆರಿಕದ ಊರೂರುಗಳಲ್ಲಿ ಎದ್ದ ಗಲಭೆಗಳ ನೆನಪು ಆಯೋಜಕರಿಗೆ ಇನ್ನೂ ಹಸಿಯಾಗಿತ್ತು. ವಿಲ್ಸ್‌ಗೆ ಆದದ್ದು ಘೋರ ಅನ್ಯಾಯ. ಅದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆಯೇ. ಆದರೆ ಆ ಅನ್ಯಾಯವನ್ನೇ ವಿಲ್ಸ್‌ನ ಗೆಲುವಿಗೆ ಪುರಾವೆಯಾಗಿ ಬಳಸಲಾಗದು. 1923ರ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾದ ಬಾಕ್ಸರ್ ಫಿರ್ಪೋನನ್ನು ಎರಡು ಸುತ್ತಿನಲ್ಲಿ ಮುಗಿಸಿದ ಡೆಂಪ್ಸಿ ಮುಂದೆ ಮೂರು ವರ್ಷ ಪಟ್ಟವನ್ನು ಪಣಕ್ಕಿಡಲೇ ಇಲ್ಲ. ಆದ್ದರಿಂದ ಇಲ್ಲಿ ಗೆರೆ ಉದ್ದವಿದ್ದರೂ ಅದರ ಕೊನೆಯ ಭಾಗ ಟೊಳ್ಳು. ನಾನು ಆ ಜೋಡಿಯನ್ನು 1922ಕ್ಕೆ ನಿಲ್ಲಿಸಿ ನೋಡುತ್ತೇನೆ, ಮುಂದಿನ ಭಾನುವಾರ ಆ ವರ್ಷದ ಡೆಂಪ್ಸಿಯ ಪರವಾಗಿ ವಾದಿಸುವ ಸರದಿ ನನ್ನದು.